ಊಟದ ಮನೆಗೆ ಬಂದ ಕೊಂಡುಕುರಿ

ಈಗಲೂ ಬಗ್ಗಿ ನೆಲದಿಂದ ಏನನ್ನಾದರೂ ಎತ್ತಿಕೊಳ್ಳಲು ಹೋದರೆ ನನ್ನ ಎಡಗಣ್ಣು ತಾನಾಗಿ ಮುಚ್ಚಿಕೊಳ್ಳುತ್ತದೆ. ಪೊರಕೆ, ಚಪ್ಪಲಿ, ಬಾಗಿಲ ಮುಂದೆ ಬಿದ್ದ ಹಾಲಿನ ಪ್ಯಾಕೆಟ್ಟು, ಯಾವುದಾದರೂ ಸರಿ. ಕಣ್ಣಿಗೆ ಏನೂ ಆಗಿಲ್ಲ. ಹುಬ್ಬಿನ ಮೇಲೆ ಅಕ್ಕಿಕಾಳಿಗಿಂತ ಸ್ವಲ್ಪ ಉದ್ದದ ಗಾಯದ ಗುರುತು ಉಳಿದಿದೆ, ಅಷ್ಟೆ. ಯಡಿಯೂರು ಕೆರೆಯ ಸುತ್ತ ನಡೆಯುವಾಗ ಎದುರಿಗೆ ನಾಯಿ ಓಡಿಬಂದರೆ ಸಾಕು, ಆ ಬೆಳಿಗ್ಗೆ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಸ್ಟೀಲ್ ಲೋಟಗಳು ಉರುಳುವ ಸದ್ದು, ಕಂದು ಬಣ್ಣದ ಮೈಯೊಂದು ನೆಲದಿಂದ ನೆಟ್ಟಗೆ ಮೇಲಕ್ಕೆ ಚಿಮ್ಮುವುದು, ನನ್ನ ಕೈಯಲ್ಲಿ ಸಿಪ್ಪೆ ಸುಲಿದ ಬಾಳೆಹಣ್ಣು.

ಬಾಳೆಹಣ್ಣು ಯಾಕೆಂದರೆ ಅದು ಮದುವೆ ಮನೆ. ನನ್ನ ಅಕ್ಕನ ಮಗಳ ಮದುವೆ. ಜಯನಗರದ ಛತ್ರಗಳೆಲ್ಲ ಆ ಲಗ್ನಕ್ಕೆ ಮೊದಲೇ ಬುಕ್ ಆಗಿದ್ದವು. ಕೊನೆಗೆ ಸಿಕ್ಕಿದ್ದು ಉತ್ತರಹಳ್ಳಿ ದಾಟಿ, ಕಾಡಿನ ಬೇಲಿಗೆ ಹತ್ತಿರದಲ್ಲಿ ಹೊಸದಾಗಿ ಎದ್ದಿದ್ದ ಒಂದು ಕಲ್ಯಾಣ ಮಂಟಪ. ಮೇಲೆ ಮದುವೆಯ ಹಾಲ್, ಕೆಳಗೆ ಗಾಜಿನ ಬಾಗಿಲುಗಳ ಡೈನಿಂಗ್ ಹಾಲ್, ಅದರ ಹಿಂದೆ ಅಡುಗೆಮನೆ. ಅಡುಗೆಮನೆಯ ಹಿಂಬಾಗಿಲಿನಲ್ಲಿ ನಿಂತರೆ ಖಾಲಿ ಸೈಟುಗಳು, ಲಾಂಟಾನ ಪೊದೆ, ಆಚೆಗೆ ನೀಲಗಿರಿ ಮರಗಳು. ತಿಂಡಿಯ ಉಸ್ತುವಾರಿ ನನ್ನ ಪಾಲಿಗೆ ಬಂದಿತ್ತು. ಕೊನೆಯ ಪಂಕ್ತಿ ಎದ್ದು ಎಲ್ಲರೂ ಕಾಶೀಯಾತ್ರೆ ನೋಡಲು ಮೇಲೆ ಹೋಗಿದ್ದರು. ನಾನೊಬ್ಬಳೇ ಊಟಕ್ಕೆಂದು ಮೇಜುಗಳ ಮೇಲೆ ಪೇಪರ್ ರೋಲ್ ಹಾಸುತ್ತಿದ್ದೆ.

ಹಿಂದುಗಡೆ ನಾಯಿಗಳು ಬೊಗಳಿದವು. ಅಡುಗೆ ಭಟ್ಟರು ಏನೋ ಕೂಗಿದರು. ಅಡುಗೆಮನೆಯ ಓಣಿಯಿಂದ ಒಂದು ಪ್ರಾಣಿ ಒಳಗೆ ನುಗ್ಗಿ, ನುಣುಪಾದ ಗ್ರಾನೈಟ್ ನೆಲದ ಮೇಲೆ ನಾಲ್ಕೂ ಕಾಲು ಜಾರಿ, ಕೈತೊಳೆಯುವ ಬೇಸಿನ್‌ಗಳ ಕೆಳಗೆ ಹೋಗಿ ಕೂತಿತು. ನಾಯಿಗಳು ಬರಬಾರದೆಂದು ಭಟ್ಟರು ಹಿಂಬಾಗಿಲು ಹಾಕಿದರು. ಅದು ಮೇಲೆ ಹತ್ತಬಾರದೆಂದು ಯಾರೋ ಗಾಜಿನ ಬಾಗಿಲು ಹಾಕಿದರು. ಹಿಡಿಯುವವರು ಯಾರೂ ಇಲ್ಲದೆ ಅದು ಸೆರೆಯಾಯಿತು. ಜೊತೆಗೆ ನಾನೂ.

ನಿಮಿಷದಲ್ಲಿ ಗಾಜಿನಾಚೆ ಮದುವೆಯ ಅರ್ಧ ಜನ ಸೇರಿದರು.

“ಅಯ್ಯೋ ಜಿಂಕೆಮರಿ! ಪಾಪ, ಅಮ್ಮನ್ನ ಕಳ್ಕೊಂಡಿದೆ.”

“ಲಕ್ಷ್ಮಿ ಬಂದ ಹಾಗೆ ಕಣ್ರೀ ಇದು. ಶುಭ.”

“ಎಷ್ಟು ಸಾಧು ನೋಡು, ಹೆಂಗೆ ಸುಮ್ನೆ ಕೂತಿದೆ.”

ನಮ್ಮ ಭಾವ, ಅಂದರೆ ಮದುಮಗಳ ಅಪ್ಪ, ಗಾಜಿಗೆ ಬಾಯಿ ಹಚ್ಚಿ, “ಎಲ್ಲರಿಗೂ ಬಡಿಸಿದೀಯಾ, ಅದಕ್ಕೊಂದು ಎಲೆ ಹಾಕಮ್ಮ!” ಎಂದರು. ಜನ ನಕ್ಕರು. ನಾನೂ ನಕ್ಕೆ. ಆಡಿನಷ್ಟೇ ಎತ್ತರ, ಕಡ್ಡಿಯಂಥ ಕಾಲು, ದೊಡ್ಡ ಕಿವಿ, ಒದ್ದೆ ಕಣ್ಣು. ಮರಿಯೇ ಅನ್ನಿಸಿತು. ತಾಂಬೂಲಕ್ಕೆ ಇಟ್ಟಿದ್ದ ಚಿಪ್ಪಿನಿಂದ ಒಂದು ಹಣ್ಣು ಕಿತ್ತು, ಸುಲಿದು, ಬಾ ಕಂದ ಎನ್ನುತ್ತ ಬೇಸಿನ್ ಹತ್ತಿರ ಹೋಗಿ ಬಗ್ಗಿದೆ.

ಅದು ಎದ್ದದ್ದು ನನಗೆ ಕಾಣಲೇ ಇಲ್ಲ. ಇಲ್ಲಿದ್ದದ್ದು ಅಲ್ಲಿತ್ತು, ನಡುವೆ ನನ್ನ ಮುಖವಿತ್ತು. ಹುಬ್ಬಿನ ಮೇಲೆ ಚುರ್ರೆಂದಿತು. ಲೋಟಗಳ ಗುಡ್ಡೆ ಬಿತ್ತು, ಪ್ರಾಣಿ ಗಾಜಿಗೆ ಡಿಕ್ಕಿ ಹೊಡೆದು ಬಿದ್ದು, ಎದ್ದು, ಮತ್ತೆ ಅದೇ ಬೇಸಿನ್ ಕೆಳಗೆ ಸೇರಿತು. ನಾನು ಹಾಲಿನ ಈ ತುದಿಯಲ್ಲಿ ಪೇರಿಸಿಟ್ಟ ಕುರ್ಚಿಗಳ ಹಿಂದೆ ಇದ್ದೆ. ಅಲ್ಲಿಗೆ ಹೇಗೆ ಬಂದೆ ಎನ್ನುವುದು ಇವತ್ತಿಗೂ ನೆನಪಿಲ್ಲ. ಎಷ್ಟೋ ಸಲ ನೆನಪಿಸಿಕೊಳ್ಳಲು ನೋಡಿದ್ದೇನೆ. ಬಗ್ಗಿದ್ದು ಗೊತ್ತು, ಕುರ್ಚಿಗಳ ಹಿಂದೆ ಸೆರಗಿನಿಂದ ಕಣ್ಣು ಒತ್ತಿಕೊಂಡಿದ್ದು ಗೊತ್ತು. ನಡುವಿನದು ಇಲ್ಲ.

ಭಾವ ಫೋನ್ ಮಾಡಿದ ಮೇಲೆ ಕಾಡುಪ್ರಾಣಿಗಳ ಡಾಕ್ಟರು ಬಂದರು. ಮೂವತ್ತರ ಆಸುಪಾಸಿನ ಹುಡುಗಿ, ಜೊತೆಗೆ ಬಲೆ ಹಿಡಿದ ಒಬ್ಬ ಫಾರೆಸ್ಟ್ ಗಾರ್ಡ್. ಇಬ್ಬರೂ ಹಿಂಬಾಗಿಲಿನಿಂದ ಬಂದು ಅಡುಗೆಮನೆಯ ಓಣಿಯಲ್ಲಿ ಬಲೆಯನ್ನು ಅಡ್ಡ ಹಿಡಿದು ನಿಂತರು. ಅವರು ಆ ತುದಿ, ನಾನು ಈ ತುದಿ, ನಡುವೆ ಪ್ರಾಣಿ. ಜೋರಾಗಿ ಮಾತಾಡುವಂತಿರಲಿಲ್ಲ. ಹೀಗಾಗಿ ಭಾವನಿಂದ ನನ್ನ ನಂಬರ್ ಪಡೆದು ಅವರು ಕರೆ ಮಾಡಿದರು. ಒಂದೇ ಕೋಣೆಯಲ್ಲಿ ಒಬ್ಬರ ಮುಖ ಒಬ್ಬರು ನೋಡುತ್ತ ಫೋನಿನಲ್ಲಿ ಪಿಸುಗುಟ್ಟಿದೆವು.

“ಆಂಟಿ, ಕಣ್ಣಿಗೆ ಏನಾದ್ರೂ ಆಗಿದೆಯಾ?”

“ಇಲ್ಲಮ್ಮ, ಹುಬ್ಬು. ಮರಿ ಹೆದರಿಬಿಡ್ತು.”

“ಮರಿ ಅಲ್ಲ ಅದು. ಬೆಳೆದ ಗಂಡು. ಜಿಂಕೇನೂ ಅಲ್ಲ, ಹುಲ್ಲೆ ಜಾತಿ. ಕೊಂಡುಕುರಿ ಅಂತೀವಿ. ಇಷ್ಟೇ ಬೆಳೆಯೋದು. ತಲೆ ಮೇಲೆ ಸರಿಯಾಗಿ ನೋಡಿ.”

ನೋಡಿದೆ. ಕಿವಿಗಳ ನಡುವೆ ಎರಡು ಚೂಪು ಕೊಂಬು. ಅವುಗಳ ಮುಂದೆ, ಹಣೆಯ ಹತ್ತಿರ, ಹೆಬ್ಬೆರಳ ಗೆಣ್ಣಿನಂಥ ಇನ್ನೆರಡು. ನಾಲ್ಕು ಕೊಂಬಿನ ಪ್ರಾಣಿಯೊಂದು ನಮ್ಮ ಊರಿನ ಅಂಚಿನಲ್ಲೇ ಓಡಾಡಿಕೊಂಡಿದೆ ಎನ್ನುವುದು ಬಿ.ಎಸ್ಸಿ. ಓದಿದ ನನಗೆ ತಿಳಿದದ್ದು ಅದರಲ್ಲೊಂದು ಕೊಂಬು ತಾಗಿದ ಮೇಲೆ. ಭಯದ ನಡುವೆಯೂ ಕುತೂಹಲ ತಲೆ ಎತ್ತಿತು. ಈಗ ಎಷ್ಟು ಶಾಂತವಾಗಿದೆಯಲ್ಲ ಎಂದೆ.

“ಶಾಂತ ಎಲ್ಲಿ ಆಂಟಿ? ಹೊಟ್ಟೆ ಪಕ್ಕ ನೋಡಿ, ಹೇಗೆ ಹೊಡ್ಕೋತಿದೆ. ಓಡೋಕೆ ಜಾಗ ಇಲ್ಲ ಅಂತ ಸುಮ್ನೆ ಕೂತಿದೆ. ಒಳಗೆ ಎದೆ ಇನ್ನೂ ಓಡ್ತಾನೇ ಇದೆ. ಮೈ ಕಾದುಹೋಗಿದೆ, ಬಾಯಿ ತೆಗೆದಿದೆ ನೋಡಿ.”

ಆಗಲೇ ಮೇಲಿನಿಂದ ವಾಲಗ ಶುರುವಾಯಿತು. ಡೋಲಿನ ಪ್ರತಿ ಪೆಟ್ಟಿಗೂ ಅದರ ಬೆನ್ನಿನ ಚರ್ಮ ಅಲುಗುತ್ತಿತ್ತು, ನೊಣ ಓಡಿಸುವ ಹಸುವಿನ ಹಾಗೆ. ಸೂರಿನಿಂದ ಇಳಿದು ಬರುವ ಸದ್ದು ಅದಕ್ಕೆ ಯಾವ ದಿಕ್ಕಿನದೆಂದು ತಿಳಿಯದೆ ಎರಡೂ ಕಿವಿ ಸುತ್ತುತ್ತಿದ್ದವು.

“ಅದನ್ನ ನಿಲ್ಲಿಸೋಕೆ ಹೇಳಿ,” ಎಂದರು ಡಾಕ್ಟರು. “ಆಮೇಲೆ ಮತ್ತಿನ ಇಂಜೆಕ್ಷನ್ ಕೊಡ್ತೀನಿ.”

ಗಾಜಿನಾಚೆ ನಿಂತಿದ್ದ ಅಕ್ಕನನ್ನೂ ಅದೇ ಕಾಲ್‌ಗೆ ಸೇರಿಸಿಕೊಂಡೆ. ಅಕ್ಕನ ಪಕ್ಕದಲ್ಲಿ ಗಂಡಿನ ಅಜ್ಜಿ, ಮೆಜೆಂಟಾ ರೇಷ್ಮೆ ಸೀರೆ, ಕೈಯಲ್ಲಿ ಊರುಗೋಲು.

“ನಿಲ್ಲಿಸೋದಾ?” ಅಕ್ಕ ಗಾಬರಿಯಾದಳು. “ಇನ್ನೇನು ಮುಹೂರ್ತ ಕಣೇ. ಗಟ್ಟಿಮೇಳ ಇಲ್ದೆ ತಾಳಿ ಕಟ್ಟಿಸೋಕಾಗತ್ತಾ?”

ಅವಳ ಗಾಬರಿ ನನಗೆ ಅರ್ಥವಾಗುತ್ತಿತ್ತು. ನಮ್ಮಲ್ಲಿ ತಾಳಿ ಕಟ್ಟುವ ಕ್ಷಣಕ್ಕೆ ಪುರೋಹಿತರು ಬೆರಳೆತ್ತಿ ಕೂಗಿದೊಡನೆ ನಾದಸ್ವರ, ಡೋಲು ಎಲ್ಲ ಒಟ್ಟಿಗೆ ಎಷ್ಟು ಸಾಧ್ಯವೋ ಅಷ್ಟು ಜೋರಾಗಿ ಎದ್ದುಬಿಡಬೇಕು. ಯಾರದೋ ಸೀನು, ಯಾವುದೋ ಕೆಟ್ಟ ಮಾತು ಆ ಹೊತ್ತಿಗೆ ವಧೂವರರ ಕಿವಿಗೆ ಬೀಳಬಾರದು.

ಡಾಕ್ಟರು ತಾಳ್ಮೆಯಿಂದ ಹೇಳಿದರು. “ಮೇಡಂ, ಹೀಗೇ ಬಿಟ್ರೆ ಬಿಸಿಯಾಗೇ ಸಾಯತ್ತೆ. ಇಂಜೆಕ್ಷನ್ ಕೊಟ್ಟು ಮತ್ತು ಬರಿಸಿದ್ರೆ ಬದುಕೋ ಚಾನ್ಸ್ ಇದೆ. ಆದ್ರೆ ಮತ್ತಲ್ಲಿದ್ದಾಗ ದೇಹ ಮಲಗತ್ತೆ, ಕಿವಿ ಮಲಗಲ್ಲ. ಡೋಲು ಬಡಿದ್ರೆ ಅರ್ಧ ಎಚ್ಚರ ಆಗಿ ಎದ್ದುಬಿಡತ್ತೆ. ಅರ್ಧ ಎಚ್ಚರದ ಪ್ರಾಣಿ ಪೂರ್ತಿ ಎಚ್ಚರದ್ದಕ್ಕಿಂತ ಅಪಾಯ. ಒಳಗೆ ನಿಮ್ಮ ತಂಗಿ ಇದಾರೆ.”

“ತಂಗೀನ ಮೊದಲು ಹೊರಗೆ ಬಿಡಿ!”

“ಆ ಗಾಜಿನ ಬಾಗಿಲು ತೆಗೆದ್ರೆ ಮೊದಲು ಬರೋದು ಅದೇ. ಅವರಲ್ಲ.”

ಅಜ್ಜಿ ಫೋನಿಗೆ ಬಗ್ಗಿದರು. “ನೋಡಮ್ಮಾ ಡಾಕ್ಟರೇ, ನನಗೆ ಎಂಬತ್ತಾಯ್ತು. ಗಟ್ಟಿಮೇಳ ಇಲ್ದಿರೋ ಮದುವೆ ನಾನು ಕಂಡಿಲ್ಲ. ಯಾರಾದ್ರೂ ಸೀನಿದ್ರೆ?”

ಅಕ್ಕ ಅಳುವ ಹಾಗಾದಳು. “ಅದು ಇಲ್ಲೇ ಸತ್ತರೆ ಅಜ್ಜಿ? ಮುಹೂರ್ತದ ಹೊತ್ತಲ್ಲಿ, ಅದೇ ಸೂರಿನ ಕೆಳಗೆ ಸಾವು? ನಾಳೆ ಏನು ಕೆಟ್ಟದ್ದಾದ್ರೂ ಎಲ್ಲರೂ ನನ್ನ ಮಗಳ ಕಾಲ್ಗುಣ ಅಂತಾರೆ.”

ಅಷ್ಟರಲ್ಲಿ ಮೆಟ್ಟಿಲಿಳಿದು ಮದುಮಗಳೇ ಬಂದಳು. ಬಾಸಿಂಗ, ಮೊಗ್ಗಿನ ಜಡೆ, ಕೈ ತುಂಬ ಹಸಿರು ಬಳೆ. ಗಾಜಿಗೆ ಹಣೆ ಹಚ್ಚಿ ಮೊದಲು ನನ್ನ ಸೆರಗಿನ ರಕ್ತ ನೋಡಿದಳು, ಆಮೇಲೆ ಬೇಸಿನ್ ಕೆಳಗಿದ್ದದ್ದನ್ನು.

“ಚಿಕ್ಕಮ್ಮ, ಅಲ್ಲೇ ಇರು. ಅಪ್ಪಾ, ವಾಲಗದವರಿಗೆ ಕಾಫಿ ಕೊಡಿಸಿ, ಕೂರಲಿ ಪಾಪ.” ಗಂಡಿನ ಅಜ್ಜಿಯ ತೋಳು ಹಿಡಿದು, “ಅಜ್ಜಿ, ಸೀನು ಬಂದವರ ಮೂಗು ಹಿಡಿಯೋ ಜವಾಬ್ದಾರಿ ನಿಮ್ಮದು. ನಡೀರಿ ಮೇಲೆ,” ಎಂದಳು.

“ಈಗಲೇ ಕೆಲಸ ಹಚ್ತಾಳೆ ನೋಡು,” ಎಂದರು ಅಜ್ಜಿ. ಆದರೆ ಹೋದರು.

ವಾಲಗ ನಿಂತಿತು. ಗಾಜಿನ ಮುಂದಿನ ಜನ ಚದುರಿದರು, ಯಾರೋ ಹೊರಗಿನಿಂದ ಜಮಖಾನ ಇಳಿಬಿಟ್ಟರು. ಡಾಕ್ಟರು ಉದ್ದನೆಯ ಊದುಕೊಳವೆ ತುಟಿಗಿಟ್ಟರು. ಪುಸ್ಸೆಂದದ್ದಷ್ಟೇ ಕೇಳಿಸಿತು. ಕೊಂಡುಕುರಿ ಒಮ್ಮೆ ಹಾರಿತು, ನಿಂತಿತು. ತೊಡೆಯಲ್ಲಿ ಗುಲಾಬಿ ನೂಲಿನ ಕುಚ್ಚಿದ್ದ ಸೂಜಿ ನೇತಾಡುತ್ತಿತ್ತು.

ಮದ್ದಿನ ಮತ್ತು ಏರುವುದೆಂದರೆ ನಿದ್ದೆ ಬಂದಂತೆ ಇರುತ್ತದೆ ಎಂದು ನಾನು ಅಂದುಕೊಂಡಿದ್ದೆ. ನೋಡಿದರೆ ಅದು ನಿದ್ದೆಯೊಂದಿಗೆ ಜಗಳವಾಡುತ್ತಿತ್ತು. ತಲೆ ಇಳಿಯುತ್ತದೆ, ಥಟ್ಟನೆ ಏರುತ್ತದೆ. ಕೆಳತುಟಿ ಜೋತುಬಿತ್ತು, ಜೊಲ್ಲು ಎಳೆಯಾಗಿ ಇಳಿಯಿತು. ಹಿಂಗಾಲು ಮೊದಲು ಮಡಿಚಿದವು. ಮುಂಗಾಲು ತುಂಬ ಹೊತ್ತು ಒಪ್ಪಲಿಲ್ಲ. ಕೊನೆಗೆ ಅದು ಮಂಡಿಯೂರಿ ಕೂತಿತು, ಕಣ್ಣು ತೆರೆದೇ ಇತ್ತು.

ಡಾಕ್ಟರು ಸನ್ನೆ ಮಾಡಿ ನನ್ನನ್ನು ಕರೆದರು. ಗಾರ್ಡ್ ಪೆಟ್ಟಿಗೆ ತರಲು ಹೋಗಬೇಕಿತ್ತು, ಇನ್ನೊಂದು ಕೈ ಬೇಕಿತ್ತು. ಅದರ ಕಣ್ಣಿಗೆ ಮುಲಾಮು ಹಚ್ಚಿ ಬಟ್ಟೆ ಕಟ್ಟಿದರು, ರೆಪ್ಪೆ ಮುಚ್ಚದಿದ್ದರೆ ಕಣ್ಣು ಒಣಗುತ್ತದಂತೆ. ಹೊಟ್ಟೆಗೂ ತೊಡೆಸಂದಿಗೂ ಒದ್ದೆ ಟವೆಲ್ ಹಾಕಿದರು. ಕೊಂಬುಗಳಿಗೆ ರಬ್ಬರ್ ಪೈಪಿನ ತುಂಡು ಸಿಕ್ಕಿಸಿ, ಕುತ್ತಿಗೆಯನ್ನು ನನ್ನ ಮಡಿಲ ಮೇಲೆ ಎತ್ತರಕ್ಕೆ ಇಟ್ಟು, ಮೂತಿ ಮಾತ್ರ ಕೆಳಗೆ ಬಾಗಿಸಿದರು.

“ಹೀಗೇ ಹಿಡ್ಕೊಳ್ಳಿ. ಇದು ಮೆಲುಕು ಹಾಕೋ ಪ್ರಾಣಿ. ಅಡ್ಡ ಮಲಗಿಸಿದ್ರೆ ಹೊಟ್ಟೇಲಿರೋದು ಶ್ವಾಸನಾಳಕ್ಕೆ ಬರತ್ತೆ.”

ಕಾಲೇಜಿನಲ್ಲಿ ನಾಲ್ಕು ಕೋಣೆಯ ಹೊಟ್ಟೆಯ ಚಿತ್ರ ಬರೆದು ಬಣ್ಣ ಹಚ್ಚಿದ್ದು ನೆನಪಾಯಿತು. ಹೇಳಿದೆ. “ಆ ಮೊದಲನೇ ಕೋಣೆದೇ ಎಲ್ಲ ತಲೆನೋವು,” ಎಂದು ಡಾಕ್ಟರು ನಕ್ಕರು, ಕಿವಿಯಿಂದ ಸ್ಟೆತಾಸ್ಕೋಪ್ ತೆಗೆಯದೆ.

ನನ್ನ ಹುಬ್ಬು ಸೀಳಿದ ಕೊಂಬು ನನ್ನ ಮೊಣಕೈ ಹತ್ತಿರವೇ ಇತ್ತು. ಆದರೂ ಅದರ ಮೇಲಿನಿಂದ ಕಣ್ಣು ತೆಗೆಯಲಾಗಲಿಲ್ಲ. ಮೈಯೆಲ್ಲ ಮಲಗಿತ್ತು, ಎಡಗಿವಿಯೊಂದು ಎದ್ದಿತ್ತು. ಮೇಲೆ ಯಾರೋ ಕುರ್ಚಿ ಎಳೆದರೆ ಕಿವಿ ಆ ಕಡೆ. ಬಾಗಿಲಾಚೆ ಬಳೆ ಸದ್ದಾದರೆ ಈ ಕಡೆ. ನನಗೆ ಕೇಳಿಸದ ಎಷ್ಟನ್ನೋ ಅದು ಕೇಳಿಸಿಕೊಳ್ಳುತ್ತಿತ್ತು. ಮಂತ್ರ ತೀರ ಮೆಲ್ಲಗೆ ಬರುತ್ತಿತ್ತು. ಒಂದು ಹಂತದಲ್ಲಿ ಅದೂ ನಿಂತಿತು. ಕಿವಿ ನೆಟ್ಟಗೆ ಮೇಲಕ್ಕೆ ತಿರುಗಿ ಅಲುಗದೆ ನಿಂತಿತು. ಅಷ್ಟು ಜನರ ಮದುವೆ ಮನೆಯಲ್ಲಿ ಅಷ್ಟು ಮೌನ ನಾನು ಎಂದೂ ಕೇಳಿರಲಿಲ್ಲ. ಓ, ಈಗ ಕಟ್ಟುತ್ತಿದ್ದಾನೆ ಎಂದುಕೊಂಡೆ. ನಾನೇ ಎತ್ತಿ ಬೆಳೆಸಿದ ಹುಡುಗಿಯ ಮಾಂಗಲ್ಯಧಾರಣೆಯನ್ನು ನಾನು ಒಂದು ಕೊಂಡುಕುರಿಯ ಕಿವಿಯಲ್ಲಿ ನೋಡಿದೆ.

ಆಗ ಮೇಲೆ ಒಬ್ಬರು ಸೀನಿದರು.

ಒಳ್ಳೆ ಬಾಯಿತುಂಬ ಸೀನು. ಕಿವಿ ಚಾಟಿಯ ಹಾಗೆ ತಿರುಗಿತು. ಕುತ್ತಿಗೆಯ ಸ್ನಾಯು ನನ್ನ ಅಂಗೈ ಕೆಳಗೆ ಗಟ್ಟಿಯಾಯಿತು, ಒಂದು ಮುಂಗಾಲು ನೆಲಕ್ಕೆ ಗೊರಸು ಊರಿತು. ಡಾಕ್ಟರು ಅಂಗೈಯನ್ನು ಅದರ ಬೆನ್ನ ಮೇಲೆ ಇಟ್ಟು ಒತ್ತದೆ ಸುಮ್ಮನೆ ಕೂತರು. ಈ ಕ್ಷಣವೂ ಮತ್ತೆ ಮತ್ತೆ ಬರುತ್ತದೆ, ಬಾಳೆಹಣ್ಣಿನದಕ್ಕಿಂತ ಹೆಚ್ಚು. ಅದು ಆಗ ಎದ್ದಿದ್ದರೆ? ನನ್ನ ಮಡಿಲಲ್ಲೇ ಇತ್ತಲ್ಲ. ಮೆಲ್ಲಗೆ, ಯಾರೋ ಒಳಗಿನಿಂದ ದಾರ ಸಡಿಲ ಬಿಟ್ಟ ಹಾಗೆ, ಕುತ್ತಿಗೆ ಮತ್ತೆ ಭಾರವಾಯಿತು.

ಪೆಟ್ಟಿಗೆ ಬಂತು. ಒಳಗೆ ಇಟ್ಟು, ಮತ್ತನ್ನು ಇಳಿಸುವ ಇನ್ನೊಂದು ಇಂಜೆಕ್ಷನ್ ಕೊಟ್ಟು, ಕಣ್ಣ ಬಟ್ಟೆ ಬಿಚ್ಚಿ, ಬಾಗಿಲು ಇಳಿಸಿ ಕಪ್ಪು ಬಟ್ಟೆ ಹೊದಿಸಿದರು. ಸ್ವಲ್ಪ ಹೊತ್ತಿಗೆ ಮರದ ಮೇಲೆ ಗೊರಸು ಟಕ್ ಎಂದಿತು. ಎದ್ದು ನಿಂತಿದೆ ಎಂದು ನಾನು ಕುಣಿಯುವುದೊಂದು ಬಾಕಿ.

“ಈಗಲೇ ಖುಷಿ ಪಡಬೇಡಿ ಆಂಟಿ,” ಎಂದರು ಡಾಕ್ಟರು. ಭಯಪಟ್ಟು ಓಡಿದ ಹುಲ್ಲೆಯ ಮಾಂಸಖಂಡಗಳು ತಮ್ಮಷ್ಟಕ್ಕೆ ಹಾಳಾಗತೊಡಗುತ್ತವಂತೆ. ಆ ವಿಷ ರಕ್ತದಲ್ಲಿ ಹೋಗಿ ಮೂತ್ರಪಿಂಡ ಕೆಡಿಸುತ್ತದೆ, ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತದೆ. ಇವತ್ತು ನಿಂತದ್ದು ಕೆಲವು ದಿನ ಕಳೆದು ಬೀಳಬಹುದು. ನಾಯಿ ಕಚ್ಚದೆ, ಗಾಯವಿಲ್ಲದೆ. “ಸ್ವಲ್ಪ ದಿನ ನಮ್ಮ ಹತ್ರ ಇಟ್ಕೊಂಡು ನೋಡ್ತೀವಿ. ಇಟ್ಕೊಳ್ಳೋದೂ ಅದಕ್ಕೆ ಒಂದು ಭಯಾನೇ. ಬೇರೆ ದಾರಿ ಇಲ್ಲ.”

ಊಟದ ಪಂಕ್ತಿಯಲ್ಲಿ ಅಕ್ಕ ನನ್ನ ಕಿವಿಯಲ್ಲಿ ಹೇಳಿದಳು. “ಸೀನಿದ್ದು ಯಾರು ಗೊತ್ತಾ? ಗಂಡಿನ ಅಜ್ಜಿ! ಹೋಮದ ಹೊಗೆ ಮೂಗಿಗೆ ಹೋಯ್ತು. ಎಲ್ಲರೂ ಕೇಳಿಸ್ಕೊಂಡಿಲ್ಲ ಅನ್ನೋ ಹಾಗೆ ಕೂತ್ವಿ.” ಎದುರು ಸಾಲಿನಲ್ಲಿ ಅಜ್ಜಿ ಹೋಳಿಗೆಯನ್ನು ಮುಟ್ಟದೆ ಎಲೆಯ ತುದಿಗೆ ಸರಿಸುತ್ತಿದ್ದರು. ನಾನು ಬಡಿಸಲು ಹೋದಾಗ ನನ್ನ ಕೈ ಹಿಡಿದು ಕೇಳಿದ್ದು ಒಂದೇ. “ಅದು ಬದುಕತ್ತೇನಮ್ಮಾ?”

ಡಾಕ್ಟರು ಹೇಳಿದ್ದನ್ನು ಹಾಗೆಯೇ ಹೇಳಿಬಿಟ್ಟೆ. ಮಾರನೆಯ ದಿನದಿಂದ ಅಜ್ಜಿಯ ಫೋನ್ ಶುರುವಾಯಿತು.

“ಏನಮ್ಮಾ, ನಿನ್ನ ಕುರಿ ಹೇಗಿದೆ?”

“ನಂದಲ್ಲ ಅಜ್ಜಿ. ಇನ್ನೂ ಏನೂ ತಿಂದಿಲ್ವಂತೆ.”

“ನಾನು ಸೀನಿದ್ದಕ್ಕೆ ಎದ್ದಿತ್ತಂತಲ್ಲ.”

“ಯಾರು ಹೇಳಿದ್ರು?”

“ನಿಮ್ಮ ಭಾವ. ಬಾಯಿ ನಿಲ್ಲಲ್ಲ ಆತನಿಗೆ.” ದನಿ ತಗ್ಗಿಸಿ, “ಅದು ಹೋಗಿಬಿಟ್ರೆ ಆ ಮಕ್ಕಳ ಬಾಳಿಗೆ ನಾನೇ ಕಲ್ಲು ಹಾಕಿದ ಹಾಗೆ,” ಎಂದರು. ಹಾಗೇನಿಲ್ಲ ಅಜ್ಜಿ ಎಂದೆ. ಅವರಿಗೆ ನನ್ನ ಸಮಾಧಾನ ಬೇಕಿರಲಿಲ್ಲ, ವರದಿ ಬೇಕಿತ್ತು.

ವರದಿಗಾಗಿ ನಾನು ಡಾಕ್ಟರಿಗೆ ಫೋನ್ ಮಾಡುತ್ತಿದ್ದೆ. ನನ್ನ ಸ್ವಂತ ಕುತೂಹಲವೂ ಅದರಲ್ಲಿ ಸೇರಿಕೊಂಡಿತ್ತು. ಅವರು ಬೇಸರಪಡದೆ ಹೇಳುತ್ತಿದ್ದರು. ಅದನ್ನು ಇಟ್ಟ ಆವರಣದ ಸುತ್ತ ಗೋಣಿತಾಟು ಕಟ್ಟಿದ್ದಾರೆ, ಜಾಲರಿಯಾಚೆ ಕಂಡರೆ ಅದಕ್ಕೆ ದಾರಿ ಇದೆ ಎನಿಸಿ ತಲೆ ಹೊಡೆದುಕೊಳ್ಳುತ್ತದೆ. ಮೇವು ಹಾಕುವವರು ಮಾತಾಡುವುದಿಲ್ಲ, ಅದರ ಕಣ್ಣನ್ನು ನೋಡುವುದೂ ಇಲ್ಲ. ನೆಟ್ಟ ನೋಟ ಅದರ ಮಟ್ಟಿಗೆ ಬೇಟೆಗಾರನದು. ಗಾಜಿನಾಚೆ ನಾವು ಅಷ್ಟು ಜನ ಕಣ್ಣು ಬಿಟ್ಟುಕೊಂಡು, ಮೊಬೈಲ್ ಹಿಡಿದು ನಿಂತದ್ದನ್ನು ನೆನೆದು ನಾಚಿಕೆಯಾಯಿತು. ಹುಲ್ಲು ಮುಟ್ಟಿಲ್ಲ, ಸೊಪ್ಪು ಮೂಸಿದೆ. ಹಗಲೆಲ್ಲ ಒಂದು ಮೂಲೆಯಲ್ಲಿ ನಿಂತೇ ಇದೆ. ಹಿಕ್ಕೆ ಎಲ್ಲೆಂದರಲ್ಲಿ ಚೆಲ್ಲಿದೆ.

ನನಗೂ ತೊಡೆಗಳು ಹಿಡಿದುಕೊಂಡು ಮೆಟ್ಟಿಲು ಇಳಿಯಲಾಗುತ್ತಿರಲಿಲ್ಲ. ಕುಕ್ಕರ್ ಸೀಟಿಗೆ ಬೆಚ್ಚುತ್ತಿದ್ದೆ. ಗೋಡೆಗೆ ಬೆನ್ನು ಕೊಟ್ಟು ಕೂರುವ ಜಾಗವನ್ನೇ ಹುಡುಕುತ್ತಿದ್ದೆ. ಡಾಕ್ಟರಿಗೆ ಹೇಳಿದಾಗ, “ನೀವು ಕುರ್ಚಿ ಹಾರಿ ಹೋಗಿದ್ದು ಅಡುಗೆ ಭಟ್ಟರು ಬಾಗಿಲ ಸಂದಿಯಿಂದ ನೋಡಿದಾರೆ. ಆ ವಯಸ್ಸಲ್ಲಿ ಹಾಗೆ ಹಾರಿದ್ರೆ ನೋಯದೆ ಇರತ್ತಾ?” ಎಂದರು. ನನಗೆ ನೆನಪಿಲ್ಲದ ನಡುವಿನ ಚೂರು ಹೀಗೆ ಸಿಕ್ಕಿತು. ನಾನೂ ಹಾರಿದ್ದೆ. ಅದು ಹಾರಿದ ಹಾಗೆಯೇ ಇರಬೇಕು, ಯೋಚನೆಗೆ ಮೊದಲೇ.

ಒಂದು ದಿನ ಮೂತ್ರದ ಬಣ್ಣ ಸ್ವಲ್ಪ ಗಾಢವಾಗಿದೆ ಎಂದರು. ಅದನ್ನು ಮಾತ್ರ ಅಜ್ಜಿಗೆ ಹೇಳಲಿಲ್ಲ. ಅವತ್ತು ಅಜ್ಜಿ ಕೇಳಿದಾಗ ನನ್ನ ದನಿಯಲ್ಲೇ ಗೊತ್ತಾಯಿತೇನೋ, ಫೋನ್ ಇಡುವಾಗ ಎಂದಿನಂತೆ “ಒಳ್ಳೇದಾಗಲಿ” ಎನ್ನಲಿಲ್ಲ. ನಮ್ಮ ಹುಡುಗಿ ಗಂಡನ ಮನೆಯಿಂದ ಮೆಸೇಜ್ ಹಾಕಿದಳು. “ಅಜ್ಜಿ ರಾತ್ರಿ ಊಟ ಬಿಟ್ಟಿದ್ದಾರೆ, ನನ್ನ ಮುಖ ನೋಡಿದರೆ ಕಣ್ಣೊರೆಸಿಕೊಳ್ಳುತ್ತಾರೆ, ಏನಾದರೂ ಮಾಡು ಚಿಕ್ಕಮ್ಮ.” ನಾನೇನು ಮಾಡಲಿ? ಡಾಕ್ಟರ ಫೋನಿಗೆ ಕಾದೆ.

ಕೆಲವು ದಿನ ಕಳೆದು ಅವರೇ ಮಾಡಿದರು. “ಆಂಟಿ, ಒಳ್ಳೆ ಸುದ್ದಿ. ಹಿಕ್ಕೆ ಹಾಕಿದೆ.”

“ಮೊದಲೂ ಹಾಕ್ತಿತ್ತಲ್ಲಮ್ಮ?”

“ಈಗ ಒಂದೇ ಜಾಗದಲ್ಲಿ! ನಿನ್ನೆ ಹಾಕಿದ ಗುಡ್ಡೆ ಮೇಲೇ ಇವತ್ತೂ. ಕಾಡಲ್ಲಿ ಇವು ಹಾಗೇ ಮಾಡೋದು, ಅದಕ್ಕೊಂದು ಗೊತ್ತಾದ ಜಾಗ ಇಟ್ಕೊಂಡಿರ್ತವೆ. ಗಾಬರಿ ಇದ್ದಾಗ ಅದೆಲ್ಲ ಮರೆತುಹೋಗತ್ತೆ. ಮೂತ್ರಾನೂ ತಿಳಿಯಾಗಿದೆ, ಸೊಪ್ಪು ಖಾಲಿ ಮಾಡಿದೆ. ಇನ್ನು ತಡ ಮಾಡಲ್ಲ. ಇನ್ನೂ ಇಟ್ಕೊಂಡ್ರೆ ನಮಗೆ ಒಗ್ಗಿಹೋಗತ್ತೆ. ಮನುಷ್ಯರ ಭಯ ಹೋದ ಗಂಡು ಹೊರಗೆ ಉಳಿಯಲ್ಲ.”

ಕಾಡಿಗೆ ಬಿಡುವಾಗ ಬಂದು ನೋಡಲೇ ಎಂದು ಕೇಳಿದೆ. “ಬೇಡ ಆಂಟಿ. ನೋಡೋರು ಕಡಿಮೆ ಇದ್ದಷ್ಟು ಒಳ್ಳೇದು.” ಸರಿ ಎಂದೆ. ಮರುದಿನ ಸಂಜೆ ನಾನು ಬನಶಂಕರಿ ಬಸ್ ಸ್ಟ್ಯಾಂಡಿನಲ್ಲಿದ್ದಾಗ ಮೆಸೇಜ್ ಬಂತು. ಪೆಟ್ಟಿಗೆಯ ಬಾಗಿಲು ಎತ್ತಿದ ಮೇಲೆ ಸ್ವಲ್ಪ ಹೊತ್ತು ಒಳಗೇ ನಿಂತಿತ್ತಂತೆ. ಮೊದಲು ಒಂದು ಕಿವಿ ಹೊರಗೆ ಬಂತಂತೆ. ಆಮೇಲೆ ಯಾರಿಗೂ ಏನೂ ಕಾಣಲಿಲ್ಲವಂತೆ.

ಅಲ್ಲೇ ಬಸ್ಸುಗಳ ಗದ್ದಲದಲ್ಲಿ ಅಜ್ಜಿಗೆ ಫೋನ್ ಮಾಡಿ ಎಲ್ಲವನ್ನೂ ಕೂಗಿ ಹೇಳಿದೆ. ಹಿಕ್ಕೆಯ ವಿಷಯವನ್ನು ಎರಡು ಸಲ ಹೇಳಬೇಕಾಯಿತು. ಪಕ್ಕದಲ್ಲಿ ನಿಂತವರೊಬ್ಬರು ಸ್ವಲ್ಪ ದೂರ ಸರಿದರು.

“ಅಂದ್ರೆ ಅದಕ್ಕೇನೂ ಆಗಿಲ್ಲ,” ಎಂದರು ಅಜ್ಜಿ.

“ಏನೂ ಆಗಿಲ್ಲ.”

“ಹಾಗಾದ್ರೆ ನಾನು ಸೀನಿಲ್ಲ ಅಂತಾಯ್ತು.”

“ಸೀನಿದ್ರಿ ಅಜ್ಜಿ. ಅದರ ಕಿವಿ ತಿರುಗಿದ್ದು ನಾನೇ ನೋಡಿದೀನಿ.”

ಆ ಕಡೆ ಎಂಬತ್ತು ವರ್ಷದ ಗಂಟಲು ನಗುವುದು ಕೇಳಿಸಿತು. ಆಮೇಲೆ ಫೋನನ್ನು ಬಾಯಿಂದ ದೂರ ಮಾಡಿ, ನಮ್ಮ ಹುಡುಗಿಯನ್ನು ಕೂಗಿ ಕರೆದು, ರಾತ್ರಿ ಅನ್ನಕ್ಕೆ ಇಡುವಾಗ ತಮ್ಮ ಪಾಲನ್ನೂ ಸೇರಿಸಲು ಹೇಳಿದರು.